ದೇಸಾಯರು ಬಂದರು, ದೇಸಾಯಿ ಬಂದ

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ಬಿಡುಗಡೆ ಆಗಬೇಕು. ಅದು ತಪ್ಪಿದರೆ ಡಿಸೆಂಬರ್ ಒಳಗಾದರೂ ಅಚ್ಚಾಗಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಕಳಿಸುವಾಗ ಅದು ಯಾವ ವರ್ಷದ ಪ್ರಕಟಣೆ ಅನ್ನೋದು ಮುಖ್ಯ, ಅದಕ್ಕೆ ಈ ಓಟ. ವರ್ಷವಿಡೀ ಮಲಗಿದ್ದ ಹಸ್ತಪ್ರತಿಗಳೆಲ್ಲ ಒಟ್ಟಿಗೇ ಎದ್ದು ಕೂರುತ್ತವೆ. ಪ್ರಕಾಶಕರ ಮಾತು ಮಾತ್ರ ಪ್ರತಿ ಸಲವೂ ಒಂದೇ. "ಮೇಡಂ, ಒಂದು ಕಾದಂಬರಿ ಇದೆ. ಸುಮ್ನೆ ಒಂದ್ಸಲ ಪ್ರೂಫ್ ನೋಡಿಕೊಡಿ."

ಈ ಪ್ರೂಫ್ ಅನ್ನುವುದರೊಳಗೆ ಏನೇನಿದೆ ಎಂದು ಕೇಳಬೇಡಿ. ಕಥೆ ನಿಲ್ಲುತ್ತದೋ ಇಲ್ಲವೋ ನೋಡುವುದು, ವಾಕ್ಯ ತಿದ್ದುವುದು, ಕಾಗುಣಿತ ಸರಿಮಾಡುವುದು, ಪುಟ ಕಟ್ಟಿದ ಮೇಲೆ ಮತ್ತೆ ಓದುವುದು, ಎಲ್ಲ ಅದರಲ್ಲೇ ಬಂತು. ದುಡ್ಡು ಮಾತ್ರ ಕೊನೆಯ ಕೆಲಸದ್ದು, ಪುಟದ ಲೆಕ್ಕದಲ್ಲಿ. ಒಂದು ಪುಟದ ದುಡ್ಡಿನಲ್ಲಿ ಒಂದು ಬೈಟು ಕಾಫಿ ಬರುತ್ತದೆ. ಕೆಲವು ಕಡೆ ಅದೂ ಬರಲ್ಲ.

ನಾನು ಇಲ್ಲಿ ಬರೆಯುತ್ತಿರುವುದು ಅಂಥದೇ ಒಂದು ಕಾದಂಬರಿಯ ವಿಷಯ. ಲೇಖಕರು ಬ್ಯಾಡಗಿ ಕಡೆಯವರು, ನಿವೃತ್ತ ಹೈಸ್ಕೂಲ್ ಮಾಸ್ತರು. ಅದು ಅವರ ಮೊದಲ ಕಾದಂಬರಿ. ಪ್ರಕಾಶಕರು ಬೆಂಗಳೂರಿನವರು, ಚಿಕ್ಕ ಸಂಸ್ಥೆ. ನನಗೆ ಬಂದದ್ದು ಪಿಡಿಎಫ್. ಅಂದರೆ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ) ಮುಗಿದು, ಪುಟ ಕಟ್ಟಿ, ಅಧ್ಯಾಯದ ತಲೆಗೆ ಹೂವಿನ ಚಿತ್ರವನ್ನೂ ಕೂರಿಸಿಯಾಗಿತ್ತು. ಕಥೆಯನ್ನು ಒಬ್ಬರೂ ಓದಿರಲಿಲ್ಲ.

ಕನ್ನಡದಲ್ಲಿ ಕಾದಂಬರಿಗಳು ಕೆಡುವುದು ಹೆಚ್ಚಾಗಿ ಈ ಜಾಗದಲ್ಲಿ ಅಂತ ನನಗೆ ಅನಿಸುತ್ತದೆ. ಪುಟ ಕಟ್ಟಿದ ಮೇಲೆ ಯಾರಿಗೂ ಒಂದು ಪ್ಯಾರಾ ತೆಗೆಯಲು ಮನಸ್ಸು ಬರಲ್ಲ. ತೆಗೆದರೆ ಮುಂದಿನ ಪುಟಗಳೆಲ್ಲ ಸರಿಯುತ್ತವೆ, ಡಿಟಿಪಿಯವರು ಮುಖ ಗಂಟು ಹಾಕುತ್ತಾರೆ, ಮತ್ತೊಂದು ಬಿಲ್ಲು ಬರುತ್ತದೆ. ಹಾಗಾಗಿ ಎಡಿಟರ್ ಕಣ್ಣಿಗೆ ಕಂಡದ್ದೂ ಬಾಯಿಗೆ ಬರುವುದಿಲ್ಲ. ಕೊಂಬು, ದೀರ್ಘ, ಒತ್ತು ತಿದ್ದಿ ಕೈ ತೊಳೆದುಕೊಳ್ಳುತ್ತಾರೆ. ನಾನು ಪಿಡಿಎಫ್ ವಾಪಸ್ ಕಳಿಸಿ, ಲೇಖಕರ ಮೂಲ ವರ್ಡ್ ಫೈಲ್ ಕೊಡಿ ಅಂದೆ. "ಪೇಜ್ ಆಗಿಬಿಟ್ಟಿದೆಯಲ್ಲ ಮೇಡಂ" ಎಂದು ಪ್ರಕಾಶಕರು ಒಂದು ವಾರ ಎಳೆದಾಡಿದರು. ಕೊನೆಗೆ ಮಾಸ್ತರ ನಂಬರು ಕೊಟ್ಟು, ನೀವೇ ಮಾತಾಡಿಕೊಳ್ಳಿ ಎಂದರು. ಅದರಿಂದ ಒಳ್ಳೆಯದೇ ಆಯಿತು.

ಫೈಲು ತೆರೆದಾಗ ಮೊದಲು ಕಂಡ ವಿಚಿತ್ರ ಎಂದರೆ ಮಾತುಗಳು. ನಿರೂಪಣೆ ಚೆನ್ನಾಗಿತ್ತು. ಆದರೆ ಬ್ಯಾಡಗಿ ಹತ್ತಿರದ ಹಳ್ಳಿಯ ಅಜ್ಜಿ, "ಯಾಕೆ ಬಂದಿದ್ದೀಯಾ ಮಗನೇ?" ಎಂದು ಕೇಳುತ್ತಿದ್ದಳು. ಡಬ್ಬಿಂಗ್ ಸಿನಿಮಾದಲ್ಲಿ ಕೇಳುತ್ತಾರಲ್ಲ, ಹಾಗೆ. ಬಸಪ್ಪ ಅನ್ನುವ ಪಾತ್ರ ಎರಡು ಕಡೆ "ಬಸ್ ಅಪ್ಪ" ಆಗಿದ್ದ. ಫೋನ್ ಮಾಡಿದೆ. ಮಾಸ್ತರಿಗೆ ಕೈ ನಡುಕ, ಜಾಸ್ತಿ ಹೊತ್ತು ಟೈಪ್ ಮಾಡಲು ಆಗಲ್ಲ. ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮೊಬೈಲಿನ ಮುಂದೆ ಮಾತಾಡಿ ಬರೆಸಿದ್ದರು.

"ಮೇಡಮ್ಮಾರ, ನಾ ಹೇಳಿದ್ದು ಒಂದು, ಫೋನ್ ಬರದದ್ದು ಒಂದ್ರಿ. ಒಂದೆರಡು ಕಡೆ ತಿದ್ದಿದೆ. ಆಮ್ಯಾಲೆ ಬ್ಯಾಸರಾತು, ಬಿಟ್ಟೆ."

ಫೋನಿಗೆ ಗೊತ್ತಿರುವುದು ಒಂದೇ ಕನ್ನಡ. ಅವರು "ಯಾಕ ಬಂದ್ಯೋ ತಮ್ಮಾ" ಎಂದರೆ ಅದು ತನಗೆ ತಿಳಿದಂತೆ ಬರೆದುಕೊಂಡಿದೆ. ನಾನು ಮಲೆನಾಡಿನವಳು. ಹಾವೇರಿ ಕಡೆಯ ಮಾತನ್ನು ಊಹೆ ಮಾಡಿ ತಿದ್ದಲು ಹೋದರೆ ನಾಟಕ ಕಂಪನಿಯ ಧಾರವಾಡ ಭಾಷೆ ಆಗಿಬಿಡುತ್ತದೆ. ಎಲ್ಲ ವಾಕ್ಯಕ್ಕೂ "ರೀ" ಅಂಟಿಸಿದರೆ ಉತ್ತರ ಕರ್ನಾಟಕ ಆಯಿತು ಅಂದುಕೊಳ್ಳುವವರಿದ್ದಾರೆ. ಆ ಸಾಲಿಗೆ ಸೇರಲು ನನಗೆ ಇಷ್ಟವಿರಲಿಲ್ಲ. ಹಾಗಾಗಿ ಸಂಭಾಷಣೆಗಳಿಗೆಲ್ಲ ಹಳದಿ ಬಣ್ಣ ಹಚ್ಚಿ, ಅಧ್ಯಾಯಕ್ಕೊಂದರಂತೆ ಪ್ರಿಂಟ್ ತೆಗೆಸಿ ಮಾಸ್ತರಿಗೆ ಕಳಿಸಿದೆ. ಹಳದಿ ಬಣ್ಣದ ಮಾತುಗಳನ್ನು ಅವರು ತಮ್ಮ ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಓದಿ, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಮಾಡಬೇಕು. ನಾನು ಕೇಳಿಕೊಂಡು ಟೈಪ್ ಮಾಡಬೇಕು.

ಆ ಮೆಸೇಜುಗಳು ಬರತೊಡಗಿದ ಮೇಲೆ ಕಾದಂಬರಿಯೇ ಬೇರೆಯಾಯಿತು. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು, ಅವರ ಮನೆಯವರು "ಚಾ ಆರತದ" ಎಂದು ಕರೆಯುತ್ತಿದ್ದರು. ಅಜ್ಜಿಯ ಮಾತು ಬಂದಾಗ ಮಾಸ್ತರ ದನಿಯೇ ಸಣ್ಣಗಾಗುತ್ತಿತ್ತು. ಅಜ್ಜಿ "ಹೌದಽ" ಎಂದು ಎಳೆಯುತ್ತಿದ್ದಳು. ಮಗ ಬರೀ "ಹೂಂ" ಅನ್ನುತ್ತಿದ್ದ. ಬರಹದಲ್ಲಿ ಇಬ್ಬರೂ "ಹೌದು" ಅಂದಿದ್ದರು!

ಆ ಎಳೆತ ತೋರಿಸಲು ಹಾಕುವ ಅವಗ್ರಹ ಇದೆಯಲ್ಲ, ಅದರದ್ದೇ ಒಂದು ಕಾಟ. ಕೈಯಲ್ಲಿ ಟೈಪ್ ಮಾಡಿದ ಭಾಗದಲ್ಲಿ ಮಾಸ್ತರು ಅದರ ಬದಲು ಇಂಗ್ಲಿಷಿನ ಎಸ್ ಅಕ್ಷರ ಹಾಕಿದ್ದರು. ತುಂಬಾ ಜನ ಹಾಗೇ ಮಾಡುತ್ತಾರೆ, ನೋಡಲು ಎರಡೂ ಒಂದೇ ಥರ ಇರುತ್ತವೆ. ಈಗ ಫೋನು, ಕಂಪ್ಯೂಟರುಗಳಲ್ಲಿ ಬಳಸುವ ಯೂನಿಕೋಡಿನಲ್ಲಿ ಓದುವಾಗ ಏನೂ ತೊಂದರೆ ಕಾಣಲ್ಲ. ಆದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಪುಟ ಕಟ್ಟುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಮತ್ತು ಹಳೇ ನುಡಿ ಫಾಂಟು ಓಡುತ್ತಿವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿವೆ. ಫೈಲನ್ನು ಅದಕ್ಕೆ ತಿರುಗಿಸಿದ ಕೂಡಲೇ ಈ ಎಸ್ ಇನ್ಯಾವುದೋ ಕನ್ನಡ ಅಕ್ಷರದ ತುಂಡಾಗಿ ನಿಲ್ಲುತ್ತದೆ. ಮೊದಲು ನೋಡಿದ ಪಿಡಿಎಫ್‌ನಲ್ಲಿ ಅಜ್ಜಿಯ ಮಾತಿನ ಕೊನೆಗೆ ಅಲ್ಲಲ್ಲಿ ಅರ್ಥವಿಲ್ಲದ ಬಾಲ ಬಂದದ್ದು ಹೀಗೆ.

ಇನ್ನೊಂದು ಸೊನ್ನೆಯದು. ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. "ಅ೦ಗಡಿ" ಮತ್ತು "ಅಂಗಡಿ", ಇವೆರಡರಲ್ಲಿ ಮೊದಲನೆಯದರಲ್ಲಿ ಇರುವುದು ಅಂಕಿ. ಓದುವವರಿಗೆ ಗೊತ್ತಾಗಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. "ಅಂಗಡಿ" ಎಂದು ಹುಡುಕಿದರೆ ಅಂಕಿ ಇರುವುದು ಸಿಕ್ಕುವುದೇ ಇಲ್ಲ. ಯಾವ ಫೈಲ್ ಬಂದರೂ ನಾನು ಓದುವ ಮೊದಲು ಮಾಡುವ ಕೆಲಸ ಸೊನ್ನೆ ಅಂಕಿ ಹುಡುಕುವುದು. ಇಸವಿಯಲ್ಲಿ ಇರುವುದನ್ನು ಬಿಟ್ಟು ಉಳಿದದ್ದನ್ನು ಬದಲಾಯಿಸುತ್ತೇನೆ. ಬೇಜಾರಿನ ಕೆಲಸ, ಆದರೆ ಇದಾಗದೆ ಮುಂದಿನ ಯಾವ ಹುಡುಕಾಟವನ್ನೂ ನಂಬುವಂತಿಲ್ಲ.

ಫೈಲು ಶುದ್ಧವಾದ ಮೇಲೆ ಒಂದು ಸಲ ಪೆನ್ನು ಮುಟ್ಟದೆ ಓದುತ್ತೇನೆ. ಎರಡನೇ ಸಲಕ್ಕೆ ನೋಟ್‌ಬುಕ್ ಬೇಕು. ಯಾರಿಗೆ ಯಾರು ಏನಾಗಬೇಕು, ಯಾವ ವರ್ಷ, ಯಾವ ತಿಂಗಳು, ಹೊಲದಲ್ಲಿ ಏನಿದೆ, ಇದೆಲ್ಲ ಅದರಲ್ಲಿ. ಈ ಕಥೆ 1972ರಲ್ಲಿ ಶುರುವಾಗಿ ಎಂಟು ವರ್ಷ ನಡೆಯುತ್ತದೆ. ಜಮೀನ್ದಾರ ದೇಸಾಯರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುವ ಒಂದು ಮನೆತನ. ಭೂಸುಧಾರಣೆ ಕಾನೂನಿಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರುತ್ತದೆ. ಉಳುವವರು ಏಳನೇ ನಂಬರ್ ಫಾರಂ ತುಂಬಿ ಅರ್ಜಿ ಹಾಕಬೇಕು. ಜನ ಅದಕ್ಕೆ ಡಿಕ್ಲರೇಶನ್ ಹಾಕುವುದು ಅನ್ನುತ್ತಿದ್ದರು. ನಾಯಕನ ಅಪ್ಪ ಹಾಕುತ್ತಾನೆ. ಕಥೆಯ ಬೆನ್ನೆಲುಬು ಅದೇ.

ಕಾಲದ ತಪ್ಪುಗಳು ಬೇಗ ಸಿಕ್ಕವು. 1975ರ ಒಂದು ಇನ್‌ಲ್ಯಾಂಡ್ ಪತ್ರದ ವಿಳಾಸದಲ್ಲಿ "ಹಾವೇರಿ ಜಿಲ್ಲೆ" ಎಂದಿತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ಬ್ಯಾಡಗಿ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ. ಇನ್ನೊಂದು ಕಡೆ ನಾಯಕ ಹತ್ತುವ ಬಸ್ಸಿನ ಮೇಲೆ ವಾಯವ್ಯ ಕರ್ನಾಟಕ ಸಾರಿಗೆ ಎಂಬ ಹೆಸರು. ಆ ನಿಗಮವೂ ಹುಟ್ಟಿದ್ದು 1997ರಲ್ಲೇ. ಮೊದಲ ಅಧ್ಯಾಯದ ಕಚೇರಿಯ ಬೋರ್ಡಿನಲ್ಲಿ "ಕರ್ನಾಟಕ ಸರ್ಕಾರ" ಎಂದಿತ್ತು. 1973ರ ನವೆಂಬರ್ 1ರ ತನಕ ಅದು ಮೈಸೂರು ರಾಜ್ಯ. ಇವು ಸಣ್ಣವು. ದಿನವೂ ನೋಡಿ ನೋಡಿ ರೂಢಿಯಾದದ್ದು ಹಿಂದಿನ ಕಾಲದೊಳಗೂ ನುಸುಳುತ್ತದೆ, ಅಷ್ಟೇ.

ಮೆಣಸಿನಕಾಯಿಯದು ಹಾಗಲ್ಲ. ನಾಗರಪಂಚಮಿಗೆ ಮಗಳು ತವರಿಗೆ ಬರುತ್ತಾಳೆ, ಜೋಕಾಲಿ ಕಟ್ಟುತ್ತಾರೆ, ಉಂಡಿ ಕಟ್ಟುತ್ತಾರೆ. ಅಂಗಳದ ತುಂಬ ಕೆಂಪಗೆ ಮೆಣಸಿನಕಾಯಿ ಒಣಗುತ್ತಿದೆ! ಶ್ರಾವಣದಲ್ಲಿ ಆ ಗಿಡ ಇನ್ನೂ ಹೊಲದಲ್ಲಿ ಎಳೆಯದಾಗಿರುತ್ತದೆ. ಕಾಯಿ ಹಣ್ಣಾಗಿ, ಬಿಡಿಸಿ, ಒಣಗಿಸಿ ಮಾರ್ಕೆಟ್ಟಿಗೆ ಹೋಗುವುದು ಚಳಿಗಾಲ ದಾಟುವ ಹೊತ್ತಿಗೆ. ಬ್ಯಾಡಗಿಯವರಿಗೆ ನಾನು ಮೆಣಸಿನಕಾಯಿ ಪಾಠ ಹೇಳುವುದೇ? ಹೆದರುತ್ತಲೇ ಕೇಳಿದೆ. ಮಾಸ್ತರು ಗಟ್ಟಿಯಾಗಿ ನಕ್ಕರು. ಆ ಅಧ್ಯಾಯ ಮೊದಲು ಶಿವರಾತ್ರಿಯಲ್ಲಿ ಇತ್ತಂತೆ. ಮಗಳು ತವರಿಗೆ ಬರಲು ಪಂಚಮಿಯೇ ಚೆಂದ ಎಂದು ಆಮೇಲೆ ಹಬ್ಬ ಬದಲಿಸಿದ್ದರು. ಅಂಗಳವನ್ನು ಮರೆತಿದ್ದರು. ಮೆಣಸಿನಕಾಯಿ ಹೋಗಿ, ಜಡಿಮಳೆಯಲ್ಲಿ ಒಣಗದ ಸೀರೆಗಳು ಪಡಸಾಲೆಯ ಹಗ್ಗಕ್ಕೆ ಬಂದವು. ಆ ಸಾಲು ಅವರೇ ಬರೆದರು. ನಾನು ಒಂದಕ್ಷರವನ್ನೂ ಮುಟ್ಟಲಿಲ್ಲ.

ಈಗ ದೇಸಾಯರ ವಿಷಯಕ್ಕೆ ಬರುತ್ತೇನೆ.

ಕನ್ನಡದಲ್ಲಿ ಯಾರನ್ನೇ ಕಥೆಯೊಳಗೆ ಕರೆತಂದರೂ ಬಂದನೋ ಬಂದರೋ ಅನ್ನುವುದು ಮೊದಲ ವಾಕ್ಯದಲ್ಲೇ ತೀರ್ಮಾನ ಆಗಬೇಕು. ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಜ್ಜಿ ಬಂದಳು ಅನ್ನಬೇಕೋ ಬಂದರು ಅನ್ನಬೇಕೋ ಎಂದು ಪ್ರಕಾಶಕರು, ಲೇಖಕರು, ಲೇಖಕರ ಮಗಳು ಮೂರೂ ಜನ ಜಗಳ ಆಡಿದ್ದನ್ನು ನೋಡಿದ್ದೇನೆ. ಹೊಸಬರ ಬರಹದಲ್ಲಿ ಇದು ಪುಟದಿಂದ ಪುಟಕ್ಕೆ ಹೊಯ್ದಾಡುತ್ತದೆ. ಸಾಮಾನ್ಯವಾಗಿ ಎಡಿಟರ್ ಒಂದನ್ನು ಹಿಡಿದು ಎಲ್ಲ ಕಡೆ ಸಮ ಮಾಡಿಬಿಡುತ್ತಾರೆ.

ಈ ಕಾದಂಬರಿಯಲ್ಲೂ ಹೊಯ್ದಾಟ ಇತ್ತು. "ದೇಸಾಯರು ಚಾವಡಿಗೆ ಬಂದರು" ಎಂದು ಶುರುವಾಗಿ, ಮಧ್ಯದಲ್ಲೆಲ್ಲೋ "ದೇಸಾಯಿ ನಕ್ಕ" ಆಗಿತ್ತು. ಮತ್ತೆ "ಅಂದರು". ಸಮ ಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಎರಡು ಕಂಬ ಹಾಕಿ, ರು ಬಂದ ಪುಟ ಒಂದು ಕಡೆ, ಬರದ ಪುಟ ಇನ್ನೊಂದು ಕಡೆ ಬರೆದುಕೊಂಡು ಹೋದೆ. ಬರೆಯುತ್ತಾ ಹೋದಂತೆ ಎಡಗಡೆಯ ಕಂಬ ನಿಂತುಹೋಗಿ ಬಲಗಡೆಯದು ಉದ್ದವಾಗತೊಡಗಿತು. ತಿರುವು ಎಲ್ಲಿದೆ ಎಂದು ನೋಡಿದರೆ, ಅಪ್ಪ ಡಿಕ್ಲರೇಶನ್ ಹಾಕಿ ಬ್ಯಾಡಗಿಯಿಂದ ವಾಪಸ್ ಬರುವ ಅಧ್ಯಾಯ. ಪೂರ್ತಿ ಕರಾರುವಾಕ್ಕಾಗಿ ಇರಲಿಲ್ಲ. ಮುಂಚೆ ಒಂದೆರಡು ಏಕವಚನ, ಆಮೇಲೆ ಕೆಲವು ಬಹುವಚನ ದಾರಿ ತಪ್ಪಿ ಬಂದಿದ್ದವು. ಆದರೂ ತಿರುವು ಕಣ್ಣಿಗೆ ರಾಚುವಂತಿತ್ತು.

ಮಾಸ್ತರಿಗೆ ಹೇಳಿದೆ. ಅವರಿಗೆ ನಂಬಿಕೆ ಬರಲಿಲ್ಲ, ಪುಟದ ನಂಬರು ಕೇಳಿ ತೆಗೆದು ನೋಡಿದರು.

"ನನಗ ಗೊತ್ತಽ ಆಗಿಲ್ಲ ನೋಡ್ರಿ. ಆದ್ರ ಅದು ಖರೇನ ಐತಿ. ನಮ್ಮಪ್ಪ ಅರ್ಜಿ ಕೊಟ್ಟು ಬಂದ ಮ್ಯಾಲೆ ಮನ್ಯಾಗ ಯಾರೂ ದೇಸಾಯರು ಅನ್ನಲಿಲ್ಲ. ದೇಸಾಯಿ ಅಂತನಽ ಅಂದ್ರು. ಎದುರಿಗೆ ಸಿಕ್ರ ಮಾತ್ರ, ಬರ್ರಿ ಸಾಹುಕಾರ್ರ, ಕುಂದರ್ರಿ."

ಇಷ್ಟು ಸಿಕ್ಕಿದ ಮೇಲೆ ಕೆಲಸ ಸಲೀಸಾಯಿತು. ನಿರೂಪಣೆಯಲ್ಲಿ ಆ ಅಧ್ಯಾಯದ ತನಕ ರು, ಅಲ್ಲಿಂದ ಮುಂದೆ ಇಲ್ಲ. ಮಾತಿನಲ್ಲಿ ಎದುರಿಗಿದ್ದಾಗ ಕೊನೆಯವರೆಗೂ ಮರ್ಯಾದೆ, ಬೆನ್ನ ಹಿಂದೆ ಏಕವಚನ. ಭೂ ನ್ಯಾಯಮಂಡಳಿಯ ಗುಮಾಸ್ತ "ದೇಸಾಯರು ಬಂದಾರೇನ್ರಿ" ಎಂದು ಕೂಗುತ್ತಾನೆ, ಅದು ಹಾಗೇ ಇರಲಿ, ಅವನಿಗೇನು. ಇನ್ನೊಂದು ಉಳಿಯಿತು. ಕೊನೆಯ ಅಧ್ಯಾಯದಲ್ಲಿ ದೇಸಾಯಿಗೆ ಲಕ್ವ ಹೊಡೆದಿದೆ, ನಾಯಕ ನೋಡಲು ಹೋಗುತ್ತಾನೆ. ಅಲ್ಲಿ ನಿರೂಪಣೆಯಲ್ಲೇ "ದೇಸಾಯರು ನೀರು ಕೇಳಿದರು" ಎಂದಿದೆ. ಇದೂ ದಾರಿ ತಪ್ಪಿದ್ದೋ ಎಂದು ಕೇಳಿದೆ. "ಅದನ್ನ ಮುಟ್ಟಬ್ಯಾಡ್ರಿ" ಎಂದರು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಹೀಗೇ ಇರಬೇಕು" ಎಂದು ಬರೆದೆ.

ವಾಕ್ಯ ತಿದ್ದುವ ಸುತ್ತು ಅದಕ್ಕೆ ಹೋಲಿಸಿದರೆ ಬೇಗ ಮುಗಿಯಿತು. ಮಾಸ್ತರ ಗದ್ಯ ಗಟ್ಟಿ. ಕಾಗುಣಿತದಲ್ಲಿ ಫೋನು ಮಾಡಿದ ಎಡವಟ್ಟುಗಳೇ ಹೆಚ್ಚು. ಮಧ್ಯ ಇರಬೇಕಾದ ಕಡೆ ಮದ್ಯ, ಬೆಳೆ ಇರಬೇಕಾದ ಕಡೆ ಬೇಳೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಯಾವ ಸ್ಪೆಲ್ ಚೆಕ್ಕೂ ಹಿಡಿಯಲ್ಲ. ಒಂದೇ ಒಂದು ದೂರು ಇತ್ತು. ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ಅಪ್ಪ, ಅವ್ವ, ಗುಮಾಸ್ತ, ಒಂದು ಕಡೆ ಎತ್ತು ಕೂಡ. ಎತ್ತಿನದನ್ನು ಬಿಟ್ಟು ಬಾಕಿ ಹೆಚ್ಚಿನವನ್ನು ತೆಗೆಸಿದೆ.

ಮತ್ತೆ ಡಿಟಿಪಿಗೆ ಹೋಯಿತು. ಮೊದಲ ಪ್ರೂಫ್ ಕಾಗದದ ಮೇಲೆಯೇ ನೋಡುತ್ತೇನೆ, ಸ್ಕ್ರೀನಿನಲ್ಲಿ ನನ್ನ ಕಣ್ಣು ಸಾಲು ಹಾರಿಸುತ್ತದೆ. ಎರಡನೇ ಪ್ರೂಫ್ ನೋಡುವಾಗ ತಿದ್ದಿದ ಪದ ಮಾತ್ರ ನೋಡಿದರೆ ಸಾಲದು, ಅದರ ಮೇಲಿನ ಕೆಳಗಿನ ಸಾಲುಗಳನ್ನೂ ಓದಬೇಕು. ಒಂದು ತಪ್ಪು ತಿದ್ದುವಾಗ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಹಾಗೆ ಓದುತ್ತಾ ಕೊನೆಯ ಅಧ್ಯಾಯಕ್ಕೆ ಬಂದರೆ "ದೇಸಾಯಿ ನೀರು ಕೇಳಿದ" ಎಂದಿತ್ತು! ಡಿಟಿಪಿ ಹುಡುಗ ಬುದ್ಧಿವಂತ. ಮುಂಚಿನ ಪುಟಗಳಲ್ಲಿ ನಾನು ರು ತೆಗೆದದ್ದನ್ನು ನೋಡಿ, ಇದೊಂದು ಮೇಡಂ ಕಣ್ತಪ್ಪಿನಿಂದ ಉಳಿದಿದೆ ಎಂದು ಸರಿ ಮಾಡಿಕೊಟ್ಟಿದ್ದ. ಅಂಚಿನ ಟಿಪ್ಪಣಿ ಇದ್ದದ್ದು ವರ್ಡ್ ಫೈಲಿನ ಪ್ರಿಂಟಿನಲ್ಲಿ, ಅದು ಅವನ ಕೈಗೆ ಹೋಗಿರಲಿಲ್ಲ. ಅವನಿಗೆ ಫೋನ್ ಮಾಡಿ ಕಥೆ ಪೂರ್ತಿ ಹೇಳಿದೆ. "ಓ, ಹಂಗಾ ಮೇಡಂ" ಎಂದು ಅಲ್ಲೇ ವಾಪಸ್ ಹಾಕಿದ. ಬೈದರೆ ಏನೂ ಸಿಗಲ್ಲ, ಆದರೆ ಕಾರಣ ಗೊತ್ತಾದವನು ಮುಂದೆ ಕೇಳದೆ ಮುಟ್ಟಲ್ಲ.

ಪುಟ ಒಟ್ಟು 211 ಬಂದಿತ್ತು. ಡೆಮಿ 1/8 ಆಕಾರದಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. ಹದಿಮೂರು ಫಾರಮಿಗೆ 208. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಕಾಗದ ಹಾಕಲು ಪ್ರಕಾಶಕರು ತಯಾರಿಲ್ಲ. "ಮುನ್ನುಡಿ ಕಡಿಮೆ ಮಾಡೋಣವಾ" ಎಂದರು. ಮುನ್ನುಡಿ ಬರೆದವರು ಹಿರಿಯರು, ಆ ಧೈರ್ಯ ಯಾರಿಗೂ ಇರಲಿಲ್ಲ. ಇದಕ್ಕೆ ಒಂದು ಉಪಾಯ ಇದೆ. ಅಧ್ಯಾಯಗಳು ಹೊಸ ಪುಟದಿಂದ ಶುರುವಾಗುತ್ತವಲ್ಲ, ಯಾವ ಅಧ್ಯಾಯದ ಕೊನೆಯ ಪುಟದಲ್ಲಿ ನಾಲ್ಕೈದು ಸಾಲು ಮಾತ್ರ ಇದೆ ಎಂದು ಹುಡುಕಬೇಕು. ಅಂಥ ಅಧ್ಯಾಯದಲ್ಲಿ ನಾಲ್ಕೈದು ಸಾಲು ಕಡಿಮೆ ಮಾಡಿದರೆ ಒಂದು ಇಡೀ ಪುಟ ಉಳಿಯುತ್ತದೆ. ಸಾಲು ಕಡಿಮೆ ಮಾಡಲು, ಪ್ಯಾರಾದ ಕೊನೆಯ ಸಾಲಿನಲ್ಲಿ ಒಂಟಿ ಪದ ಇರುವ ಕಡೆಯೆಲ್ಲ ಒಂದೊಂದು ಪದ ಕಿತ್ತರೆ ಸಾಕು. "ಮೆಲ್ಲನೆ", "ಒಂದು ಕ್ಷಣ", "ಅಷ್ಟರಲ್ಲಿ", ಇವು ಹೋದರೆ ಯಾರೂ ಅಳಲ್ಲ. ಅಂಥ ಅಧ್ಯಾಯಗಳು ಸರಿಯಾಗಿ ಮೂರು ಸಿಕ್ಕವು. ಏನೇನು ತೆಗೆದೆ ಎಂದು ಮಾಸ್ತರಿಗೆ ಪಟ್ಟಿ ಕಳಿಸಿದೆ. ಒಂದು "ಮೆಲ್ಲನೆ" ವಾಪಸ್ ಬೇಕೆಂದರು. ಅದರ ಬದಲು ಪಕ್ಕದ ಪ್ಯಾರಾದಲ್ಲಿ ಉಳಿದಿದ್ದ ನಿಟ್ಟುಸಿರೊಂದನ್ನು ಬಿಟ್ಟುಕೊಟ್ಟರು.

ಪುಸ್ತಕದ ಒಳಪುಟದಲ್ಲಿ ಎಲ್ಲದರ ವಿವರ ಇದೆ. ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಆಕಾರ, ಪುಟ, ಬೆಲೆ, ಮುಖಪುಟ ಮಾಡಿದವರು, ಅಕ್ಷರ ಜೋಡಿಸಿದವರು, ಅಚ್ಚು ಹಾಕಿದವರು. ನನ್ನ ಹೆಸರಿಲ್ಲ. ಕಾಗದದ ತೂಕಕ್ಕೆ ಇರುವ ಜಾಗ ಎಡಿಟರಿಗೆ ಇಲ್ಲದಿರುವುದು ಕನ್ನಡದಲ್ಲಿ ಮಾಮೂಲು. ಪುಸ್ತಕದ ಮೊದಲಲ್ಲಿ ಬರುವ "ಲೇಖಕರ ಮಾತು" ಭಾಗದಲ್ಲಿ ಮಾಸ್ತರು ನನ್ನ ಬಗ್ಗೆ ಒಂದು ಪ್ಯಾರಾ ಬರೆದಿದ್ದರಂತೆ. ಫಾರಂ ಲೆಕ್ಕದಲ್ಲಿ ಅದನ್ನು ಕತ್ತರಿಸಿದ್ದು ಯಾರು ಎಂದು ಪ್ರಕಾಶಕರನ್ನು ನಾನು ಕೇಳಲಿಲ್ಲ. ದುಡ್ಡು 208 ಪುಟಕ್ಕೆ ಪ್ರೂಫ್ ದರದಲ್ಲಿ ಬಂತು, ಅದೂ ಯುಗಾದಿ ಕಳೆದ ಮೇಲೆ.

ಆವತ್ತಿನಿಂದ ಯಾರೇ ಫೋನ್ ಮಾಡಲಿ, ಎರಡು ದರ ಹೇಳುತ್ತೇನೆ. ಪುಟ ಕಟ್ಟುವ ಮೊದಲು ವರ್ಡ್ ಫೈಲಿನಲ್ಲಿ ಮಾಡುವ ಎಡಿಟಿಂಗಿಗೆ ಪದದ ಲೆಕ್ಕ, ಅರ್ಧ ಮುಂಗಡ, ಲೇಖಕರ ಜೊತೆ ನೇರ ಮಾತು. ಪುಟ ಕಟ್ಟಿದ ಮೇಲೆ ಬಂದರೆ ಬರೀ ಪ್ರೂಫ್, ಅಕ್ಷರ ಬಿಟ್ಟು ಬೇರೇನನ್ನೂ ಮುಟ್ಟಲ್ಲ. ಕೆಲವರು "ನಿಮ್ಮದು ಜಾಸ್ತಿ ಆಯ್ತು ಮೇಡಂ" ಎಂದು ಇಡುತ್ತಾರೆ. ಕೆಲವರು ಚೌಕಾಸಿ ಮಾಡಿ ಒಪ್ಪುತ್ತಾರೆ. ಒಪ್ಪಿದವರಿಗೆ ಮೊದಲು ಕೇಳುವ ಪ್ರಶ್ನೆ, ಲೇಖಕರು ಇದನ್ನು ಕೈಯಲ್ಲಿ ಬರೆದರಾ, ಟೈಪ್ ಮಾಡಿದರಾ, ಇಲ್ಲಾ ಫೋನಿಗೆ ಹೇಳಿ ಬರೆಸಿದರಾ?